ಸಾಕಿದ ಕುರಿಯನ್ನೇ ಹೇಗೆ ತಿಂತೀರಿ?

‘ಮರಿಯನ್ನ ಮಗು ಥರ ಸಾಕ್ತೀರಿ, ಆಮೇಲೆ ಅದನ್ನೇ ತಿನ್ನೋಕೆ ಮನಸ್ಸು ಹೇಗೆ ಬರುತ್ತೆ?’ ಮೈಸೂರಿಗೆ ಬಂದು ನೆಲೆಸಿದ ಮೇಲೆ ಈ ಪ್ರಶ್ನೆ ನನಗೆ ಎಷ್ಟು ಸಲ ಎದುರಾಗಿದೆಯೋ ಲೆಕ್ಕವಿಲ್ಲ. ಕೇಳುವವರು ಒಳ್ಳೆಯವರೇ. ಅದಕ್ಕೇ ಸುಮ್ನೆ ನಕ್ಕು ತೇಲಿಸಲು ಇಷ್ಟವಿಲ್ಲ.

ನಮ್ಮದು ಮಳವಳ್ಳಿ ಕಡೆ, ಬಂಡೂರು ಕುರಿಯ ಸೀಮೆ. ಗಿಡ್ಡ ಕಾಲು, ತುಂಬಿದ ಮೈ. ಮನೆಯಲ್ಲಿ ಯಾವಾಗಲೂ ಮೂರ್ನಾಲ್ಕು ಇರುತ್ತಿದ್ದವು. ಅವ್ವ ತಾನು ಉಣ್ಣುವ ಮುಂಚೆ ಅವಕ್ಕೆ ಸೊಪ್ಪು ಕಟ್ಟುತ್ತಿದ್ದಳು. ಮಳೆ ಬಂದರೆ ಮರಿಗಳಿಗೆ ಒಲೆಯ ಪಕ್ಕದಲ್ಲೇ ಜಾಗ.

ಹಬ್ಬದಲ್ಲಿ ಕುರಿ ಕಡಿಯುವ ಮುಂಚೆ ಅದರ ಮೇಲೆ ತೀರ್ಥ ಹಾಕುತ್ತಾರೆ. ಅದು ಮೈ ಒದರಬೇಕು. ಒದರಿದರೆ ಅಪ್ಪಣೆ ಸಿಕ್ಕಿತು ಅಂತ. ಅಲ್ಲಿಯವರೆಗೆ ಯಾರೂ ಕತ್ತಿ ಎತ್ತುವಂತಿಲ್ಲ. ಒಂದು ವರ್ಷ ನಮ್ಮ ಟಗರು ತುಂಬಾ ಹೊತ್ತು ಅಲ್ಲಾಡದೆ ನಿಂತುಬಿಟ್ಟಿತು. ಮತ್ತೆ ನೀರು ಹಾಕಿದರು, ಮತ್ತೆ ಕಾದರು. ಅಪ್ಪ ಅದರ ಮುಂದೆ ಕೂತು, ‘ತಪ್ಪಾಗಿದ್ರೆ ಹೊಟ್ಟೆಗೆ ಹಾಕ್ಕೊ ತಾಯಿ’ ಅಂತ ಮಾರಮ್ಮನಿಗೆ ಕೈಮುಗಿದರು. ಅಷ್ಟು ಜನ ಇದ್ದರೂ ಒಂದು ಮಾತಿಲ್ಲ.

ತಣ್ಣೀರು ಬಿದ್ದರೆ ಯಾವ ಕುರಿಯಾದರೂ ಮೈ ಒದರುತ್ತದೆ ಅಂತ ದೊಡ್ಡವನಾದ ಮೇಲೆ ಅರ್ಥವಾಯಿತು. ಸಾಯಲು ಯಾವ ಪ್ರಾಣಿಯೂ ಒಪ್ಪುವುದಿಲ್ಲ. ಇದನ್ನು ನಾನು ನಿಮ್ಮಿಂದಲೂ ಮುಚ್ಚಿಡುವುದಿಲ್ಲ, ನನ್ನಿಂದಲೂ ಮುಚ್ಚಿಡುವುದಿಲ್ಲ. ಆದರೂ ಆ ಕಾಯುವಿಕೆಯನ್ನು ನಾನು ಮರೆತಿಲ್ಲ. ಒಂದು ಜೀವ ತೆಗೆಯುತ್ತಿದ್ದೇವೆ ಅನ್ನುವುದು ಅಲ್ಲಿ ನಿಂತ ಮಕ್ಕಳಿಗೂ ಗೊತ್ತಾಗುತ್ತಿತ್ತು. ಯುಗಾದಿ ಮಾರನೇ ದಿನ, ಹೊಸತೊಡಕಿಗೆ, ಊರವರು ಸೇರಿ ಕುರಿ ಕೊಯ್ದು ಗುಡ್ಡೆ ಹಾಕಿ ಹಂಚಿಕೊಳ್ಳುತ್ತಿದ್ದರು. ತಲೆ, ಕಾಲು, ಬೋಟಿ ಯಾವುದೂ ಹಾಳಾಗುತ್ತಿರಲಿಲ್ಲ. ಉಳಿದ ದಿನಗಳಲ್ಲಿ ಮುದ್ದೆ, ಬಸ್ಸಾರು.

2024ರ ಡಿಸೆಂಬರ್‌ನಲ್ಲಿ ಮಂಡ್ಯದಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ ಬಾಡೂಟ ಬೇಕು ಅಂತ ದೊಡ್ಡ ಕೂಗೆದ್ದಿತ್ತು. ಅಲ್ಲಿ ನಿಷೇಧಿಸಿದ ಮದ್ಯ, ತಂಬಾಕಿನ ಸಾಲಿಗೆ ಮಾಂಸವನ್ನೂ ಸೇರಿಸಿದ್ದು ನನಗೂ ನೋವು ತಂದಿತ್ತು. ನಮ್ಮ ಊಟ ಕೊಳಕಲ್ಲ. ಆದರೆ ಆ ಜಗಳದಲ್ಲಿ ನಾನು ಕೇಳಿದ ಮಾತೆಲ್ಲ ಮನುಷ್ಯರದ್ದೇ. ಕುರಿಯ ಮಾತು ಬರಲೇ ಇಲ್ಲ.

ನನಗೆ ನಿದ್ದೆ ಕೆಡಿಸುವುದು ಬೆಳಗ್ಗೆ ಮೈಸೂರಿನ ಬೀದಿಯಲ್ಲಿ ಕಾಣುವ ಸ್ಕೂಟರ್. ಕಾಲು ಕಟ್ಟಿದ ಕೋಳಿಗಳು ಎರಡೂ ಕಡೆ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಬ್ರಾಯ್ಲರ್ ಕೋಳಿಯ ಆಯಸ್ಸು ಸುಮಾರು ಆರು ವಾರ. ಅಷ್ಟರಲ್ಲಿ 2 ಕೆಜಿ ತೂಗುತ್ತದೆ. ಮೈ ಬೆಳೆಯುವ ವೇಗಕ್ಕೆ ಕಾಲು ಗಟ್ಟಿಯಾಗುವುದಿಲ್ಲ, ಎಷ್ಟೋ ಕೋಳಿ ಕುಂಟುತ್ತವೆ. ಪಂಜರದಲ್ಲಿ ಮೊಟ್ಟೆ ಇಡುವ ಕೋಳಿಗೆ ಸಿಗುವ ಜಾಗ ಒಂದು ಎ4 ಹಾಳೆಗಿಂತ ಕಡಿಮೆ. ರೆಕ್ಕೆ ಬಿಚ್ಚುವುದಕ್ಕೂ ಆಗುವುದಿಲ್ಲ. ಪ್ರಾಣಿಗಳಿಗೆ ಹಿಂಸೆಯಾಗುವಂತೆ ಸಾಗಿಸಬಾರದು ಅಂತ 1960ರಿಂದಲೇ ಕಾಯ್ದೆ ಇದೆ. ಕಸಾಯಿಖಾನೆಯಲ್ಲಿ ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕೊಯ್ಯಬಾರದು ಅಂತ 2001ರ ನಿಯಮ ಹೇಳುತ್ತದೆ. ಕೋಳಿ ಅಂಗಡಿಯಲ್ಲಿ ಏನು ನಡೆಯುತ್ತದೆ ಅಂತ ಎಲ್ಲರೂ ನೋಡಿದ್ದೇವೆ, ಅಲ್ವಾ?

ಹಾಲಿನ ವಿಷಯವನ್ನೂ ಹೇಳಬೇಕು. ಕರು ಹಾಕದೆ ಹಸು ಹಾಲು ಕೊಡುವುದಿಲ್ಲ. ಹುಟ್ಟುವ ಕರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಗಂಡು. ಉಳುಮೆಗೆ ಟ್ರ್ಯಾಕ್ಟರ್ ಬಂದ ಮೇಲೆ ಸೀಮೆಹಸುವಿನ ಗಂಡು ಕರು ಯಾರಿಗೂ ಬೇಡವಾಗಿದೆ. ಕಾಫಿ ಕುಡಿಯುತ್ತಾ ನನ್ನನ್ನು ಪ್ರಶ್ನೆ ಕೇಳುವ ಗೆಳೆಯರಿಗೆ ಇದನ್ನು ಹೇಳಿದಾಗ ಬೇಜಾರಾಗುತ್ತದೆ. ಬೇಜಾರು ಮಾಡುವ ಉದ್ದೇಶ ನನಗಿಲ್ಲ. ಆ ಕರುವಿನ ಋಣ ನನ್ನ ಮೇಲೂ ಇದೆ.

ಹಾಗಾಗಿ ನನ್ನ ಉತ್ತರ ಇಷ್ಟು. ನಾನು ಮಾಂಸ ತಿನ್ನುತ್ತೇನೆ, ಮೊದಲಿಗಿಂತ ತುಂಬಾ ಕಡಿಮೆ. ಹೇಗೆ ಬದುಕಿತ್ತು ಅಂತ ನನಗೆ ಗೊತ್ತಿರುವ ಕುರಿಯದ್ದು, ಕೋಳಿಯದ್ದು ಮಾತ್ರ. ತಟ್ಟೆಯಲ್ಲಿ ಚೂರೂ ಬಿಡುವುದಿಲ್ಲ. ಕೂಲಿ ಮಾಡಿ ವಾರಕ್ಕೊಮ್ಮೆ ಮಕ್ಕಳಿಗೆ ಬ್ರಾಯ್ಲರ್ ಒಯ್ಯುವವರ ಮೇಲೆ ನನಗೆ ಯಾವ ದೂರೂ ಇಲ್ಲ. ನಾಟಿ ಕೋಳಿಯ ಬೆಲೆ ಅವರ ಕೈಗೆ ಎಟುಕುವುದಿಲ್ಲ. ಬದಲಾಗಬೇಕಾದದ್ದು ಸಾಕುವ ಶೆಡ್ಡು, ಸಾಗಿಸುವ ಗಾಡಿ, ಕೊಯ್ಯುವ ಜಾಗ.

ನಮ್ಮ ಬೀದಿಯ ಅಂಗಡಿಯಣ್ಣನಿಗೆ, ಪಂಜರಕ್ಕೂ ಕೊಯ್ಯುವ ಜಾಗಕ್ಕೂ ನಡುವೆ ಒಂದು ಪರದೆ ಕಟ್ಟಿ ಅಂತ ಕೇಳಿಕೊಂಡೆ. ಎರಡು ತಿಂಗಳಾದ ಮೇಲೆ ಕಟ್ಟಿದರು. ಈಗ ಕೋಳಿಗಳನ್ನು ನೇತುಹಾಕಿಕೊಂಡು ಬರಬೇಡಿ, ಕ್ರೇಟ್‌ನಲ್ಲಿ ತನ್ನಿ ಅಂತ ಕೇಳುತ್ತಿದ್ದೇನೆ.