ಕರಿಹಲಗೆ ಮೇಲಿನ ಆ ಬಿ

ಒಂಬತ್ತನೇ ಕ್ಲಾಸಲ್ಲಿ ಡಿಕ್ಟೇಷನ್ ಕೊಟ್ಟಾಗ ನಾನು ಡೆಟ್ ಅನ್ನೋ ಪದವನ್ನ ಬಿ ಬಿಟ್ಟು ಬರೆದಿದ್ದೆ, ಕೇಳಿಸದೇ ಇರೋ ಅಕ್ಷರ ಯಾಕೆ ಬರೀಬೇಕು ಸಾರ್ ಅಂತ ಕೇಳೂಬಿಟ್ಟೆ. ನಮ್ಮ ಇಂಗ್ಲಿಷ್ ಮೇಷ್ಟ್ರು ಬೈಲಿಲ್ಲ. ಸೀಮೆಸುಣ್ಣ ತಗೊಂಡು ಬೋರ್ಡ್ ಮೇಲೆ ದೇಬಿತುಮ್ ಅಂತ ಲ್ಯಾಟಿನ್ ಪದ ಬರೆದ್ರು, ಅದರ ಕೆಳಗೆ ಫ್ರೆಂಚಿನ ದೆತ್, ಅದರ ಕೆಳಗೆ ಡೆಟ್. ಇಂಗ್ಲಿಷಿನವರು ಪದ ತಗೊಂಡಿದ್ದು ಫ್ರೆಂಚಿಂದ, ಆಗ ಬಿ ಇಲ್ಲದೇನೇ ಬರೀತಿದ್ರು, ಆಮೇಲೆ ಲ್ಯಾಟಿನ್ ಕಲಿತ ಪಂಡಿತರು ಮೂಲ ಕಾಣ್ಲಿ ಅಂತ ಬಿ ತಂದು ಕೂರಿಸಿದ್ರು, ಆದ್ರೆ ಜನರ ಬಾಯಿಗೆ ಅದು ಬರ್ಲೇ ಇಲ್ಲ. "ನೀನು ಬರೆದಿದ್ದು ಹಳೇ ಕಾಲದ್ದು ಕಣೋ, ಮಾರ್ಕ್ಸ್ ಕೊಡೋದು ಈ ಕಾಲದ್ದಕ್ಕೆ" ಅಂದ್ರು. ಡೆಟ್ ಅಂದ್ರೆ ಸಾಲ, ಆ ಪದಾನೇ ಸಾಲ ತಂದಿದ್ದು ಅಂತ ಅವತ್ತು ಗೊತ್ತಾಯ್ತು.

ಅಲ್ಲಿಂದ ದಿನಾ ಒಂದು ಪದ. 1066ರಲ್ಲಿ ಫ್ರೆಂಚ್ ಮಾತಾಡೋ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಕೊಟ್ಟಿಗೇಲಿರೋ ಕುರಿಗೆ ಹಳೇ ಹೆಸರು ಶೀಪ್ ಉಳೀತು, ದೊರೆಗಳ ತಟ್ಟೆಗೆ ಬಂದಿದ್ದು ಫ್ರೆಂಚಿನ ಮಟನ್ ಆಯ್ತು. ವಿಂಡೋ ಅನ್ನೋದು ಉತ್ತರ ಯುರೋಪಿಂದ ಹಡಗಲ್ಲಿ ದಾಳಿ ಮಾಡ್ತಿದ್ದ ವೈಕಿಂಗರ ಭಾಷೆಯದ್ದು, ಗಾಳಿಯ ಕಣ್ಣು ಅಂತ ಅರ್ಥ. "ನಮ್ಮ ಗವಾಕ್ಷಿ ಯಾವ ಕಣ್ಣು ಹೇಳ್ರೋ" ಅಂತ ಕೇಳಿ, ಯಾರಿಗೂ ಬರ್ದಿದ್ದಾಗ ಗೋ, ಅಕ್ಷಿ ಅಂತ ಬಿಡಿಸಿ ಬರೆದ್ರು. ಹಸುವಿನ ಕಣ್ಣು! ಕ್ಲಾಸಿಗೆ ಕ್ಲಾಸೇ ತಿರುಗಿ ನಮ್ಮ ಕಿಟಕಿ ನೋಡಿದ್ವಿ.

ಆದ್ರೆ ನನ್ನ ಮನಸ್ಸಲ್ಲಿ ಕೂತಿರೋದು ಕೊಯ್ಲಿನ ದಿನದ ಪಾಠ. ರಾತ್ರಿಯೆಲ್ಲ ಹಸಿ ಅಡಿಕೆ ಸುಲಿದು ನನ್ನ ಬೆರಳು ಕಪ್ಪಾಗಿತ್ತು, ಬೆಂಚಿನ ಕೆಳಗೆ ಮುಚ್ಚಿಟ್ಕೊಂಡಿದ್ದೆ. ಮೇಷ್ಟ್ರು ನೋಡಿ, ಅಡಿಕೆಗೆ ಇಂಗ್ಲಿಷಲ್ಲಿ ಏನಂತಾರೆ ಅಂದ್ರು. ಬೀಟಲ್ ನಟ್ ಸಾರ್ ಅಂದೆ. ಬೀಟಲ್ ಅಂದ್ರೆ ಎಲೆ ಕಣೋ, ಮಲಯಾಳಂನ ವೆಟ್ಟಿಲ, ಪೋರ್ಚುಗೀಸರ ಬಾಯಲ್ಲಿ ಹಾಗಾಯ್ತು, ಅಡಿಕೆ ಹೆಸರು ಅರೆಕಾ, ಅದನ್ನೂ ಅವರೇ ಮಲಬಾರಿನ ಅಡಕ್ಕದಿಂದ ಒಯ್ದಿದ್ದು, ನಮ್ಮ ಅಡಿಕೆ ಅದರ ಅಕ್ಕನೋ ತಂಗಿನೋ ಅಂತ ಹೇಳಿ ಅರೆಕಾ ಪಕ್ಕದಲ್ಲೇ ಅಡಿಕೆ ಅಂತ ಕನ್ನಡದಲ್ಲಿ ದೊಡ್ಡದಾಗಿ ಬರೆದ್ರು. ಇಂಗ್ಲಿಷ್ ಪೀರಿಯಡ್ಡಲ್ಲಿ ಬೋರ್ಡ್ ಮೇಲೆ ಕನ್ನಡ ಅಕ್ಷರ ನಾನು ನೋಡಿದ್ದು ಅದೇ ಮೊದಲು. ಕೈ ತೆಗೆದು ಬೆಂಚಿನ ಮೇಲೆ ಇಟ್ಟೆ.

ಸಂಜೆ ಮೆಟ್ಟುಗತ್ತಿ ಮುಂದೆ ಕೂತಿದ್ದ ಅಜ್ಜಿಗೆ ಎಲ್ಲಾ ಒಂದೇ ಉಸಿರಲ್ಲಿ ಹೇಳಿದೆ. ಅಜ್ಜಿ ಕೈಲಿದ್ದ ಅಡಿಕೆಯನ್ನ ಒಂದು ಸಲ ತಿರುಗಿಸಿ ನೋಡಿ, "ಅಷ್ಟು ದೂರ ಹೋಗಿತ್ತಾ ಇದು" ಅಂದ್ರು.