ಸ್ಕಿಪ್ಟನ್‌ಗೆ ಹೋಗುವವರಿಗೆ: ಬಸ್ಸಿಗೆ ಕೈ ಅಡ್ಡ ಹಾಕಿ, ಚಿಪ್ಸ್ ತಿನ್ನುವ ಮೊದಲು ಕೇಳಿ

ಬಸ್ ನಮ್ಮ ಮುಂದೆಯೇ ಹೋಗಿಬಿಟ್ಟಿತು. ನಿಲ್ಲುವುದಿರಲಿ, ನಿಧಾನ ಕೂಡ ಮಾಡಲಿಲ್ಲ. ನಾನು, ಅಪ್ಪ, ಅಮ್ಮ ಮೂವರೂ ಸ್ಟಾಪಿನ ಕಂಬದ ಪಕ್ಕದಲ್ಲೇ ಗಿಡ್ಡ ಕಲ್ಲುಗೋಡೆಯ ಮೇಲೆ ಕೂತಿದ್ದೆವು. ಡ್ರೈವರ್ ನಮ್ಮನ್ನು ನೋಡಿದ್ದು ನನಗೆ ಕಂಡಿತು. ನಾನು ಎದ್ದು ಓಡುವಷ್ಟರಲ್ಲಿ ಬಸ್ ತಿರುವು ದಾಟಿತ್ತು.

ಇದು ನಡೆದದ್ದು ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ, ಕರ್ಬಿ ಮ್ಯಾಲಂ ಅನ್ನುವ ಪುಟ್ಟ ಹಳ್ಳಿಯಲ್ಲಿ. 2025ರ ಜೂನ್ ತಿಂಗಳು. ಅಕ್ಕ ಭಾವ ಲೀಡ್ಸ್‌ನಲ್ಲಿ ಇದ್ದಾರೆ. ವಾರದ ದಿನಗಳಲ್ಲಿ ಇಬ್ಬರಿಗೂ ಆಫೀಸು. ಹಾಗಾಗಿ ಬೆಂಗಳೂರಿನಿಂದ ಹೋಗಿದ್ದ ನಾವು ಮೂವರೇ ಸ್ಕಿಪ್ಟನ್ ಊರಿನಲ್ಲಿ ಮೂರು ರಾತ್ರಿ ಉಳಿದು, ಸುತ್ತಲಿನ ಹಳ್ಳಿಗಳನ್ನು ಬಸ್ಸಿನಲ್ಲೇ ನೋಡೋಣ ಅಂತ ಹೊರಟಿದ್ದೆವು. ಕಾರಿಲ್ಲದೆ, ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ ಸಹಾಯ ಆಗಲಿ ಅಂತ ಇದನ್ನು ಬರೆಯುತ್ತಿದ್ದೇನೆ. ನನಗೆ ಜನಜಂಗುಳಿ ಆಗುವುದಿಲ್ಲ. ಮಳೆ, ಕೆಸರು, ನಡಿಗೆ ಎಷ್ಟಿದ್ದರೂ ಸರಿ. ನಾನು ಚೆನ್ನಾಗಿದೆ ಅಂದಿದ್ದನ್ನೆಲ್ಲ ಆ ಲೆಕ್ಕದಲ್ಲೇ ತಗೊಳ್ಳಿ.

ಮೊದಲು ಬಸ್ಸಿನ ವಿಷಯ ಮುಗಿಸುತ್ತೇನೆ. ಅಲ್ಲಿ ಸ್ಟಾಪಿನಲ್ಲಿ ಇದ್ದರೆ ಸಾಲದು. ಬಸ್ ದೂರದಲ್ಲಿ ಕಂಡ ಕೂಡಲೇ ರಸ್ತೆ ಅಂಚಿಗೆ ಬಂದು ಕೈ ಅಡ್ಡ ಹಾಕಬೇಕು. ನಮ್ಮ ಹಳ್ಳಿ ಕಡೆ ಹೇಗೆ ಮಾಡುತ್ತೇವೋ ಹಾಗೇ. ಕಂಬ, ಬೋರ್ಡು, ವೇಳಾಪಟ್ಟಿ ಎಲ್ಲ ಇರುವ ಸ್ಟಾಪಿನಲ್ಲಿ ಇದು ಬೇಕಾಗುತ್ತದೆ ಅಂತ ನನಗೆ ಹೊಳೆಯಲೇ ಇಲ್ಲ. ಕೈ ಎತ್ತದೆ ಗೋಡೆ ಮೇಲೆ ಕೂತವರು ಸುಮ್ನೆ ದಣಿವಾರಿಸಿಕೊಳ್ಳುತ್ತಿದ್ದಾರೆ ಅಂತ ಡ್ರೈವರ್ ಅಂದುಕೊಂಡಿರಬೇಕು. ಆ ದಾರಿಯಲ್ಲಿ ಹಾಗೆ ಕೂರುವ ಚಾರಣಿಗರು ಬಹಳ ಜನ.

ಆ ಮಧ್ಯಾಹ್ನಕ್ಕೆ ಅದೇ ಕೊನೆಯ ಬಸ್ಸು. ಫೋನಿಗೆ ಸಿಗ್ನಲ್ ಇಲ್ಲ. ಅಪ್ಪನಿಗೆ ಮೊಣಕಾಲು ನೋವು. ನಾಯಿ ಕರೆದುಕೊಂಡು ಬಂದ ಒಬ್ಬ ಹೆಂಗಸು ನಮ್ಮನ್ನು ನೋಡಿ ನಿಂತರು. ವಿಷಯ ಕೇಳಿ ಮನೆಗೆ ಕರೆದುಕೊಂಡು ಹೋದರು. ತಮ್ಮ ಲ್ಯಾಂಡ್‌ಲೈನಿನಿಂದ ಟ್ಯಾಕ್ಸಿಗೆ ಫೋನ್ ಮಾಡಿ, ಅದು ಬರುವವರೆಗೆ ಅಡುಗೆಮನೆಯಲ್ಲಿ ಕೂರಿಸಿ ನೀರು ಕೊಟ್ಟರು. ಟ್ಯಾಕ್ಸಿಗೆ 42 ಪೌಂಡ್ ಆಯಿತು. ಬಸ್ಸಿಗೆ ಎಷ್ಟಾಗುತ್ತಿತ್ತು ಗೊತ್ತಾ? 2025ರ ಜನವರಿಯಿಂದ ಇಂಗ್ಲೆಂಡಿನಲ್ಲಿ ಸರ್ಕಾರದ ಯೋಜನೆಗೆ ಸೇರಿದ ಬಸ್ಸುಗಳಲ್ಲಿ ಒಂದು ಕಡೆಯ ಟಿಕೆಟ್ ಹೆಚ್ಚೆಂದರೆ 3 ಪೌಂಡ್. ಮೂವರಿಗೆ 9 ಪೌಂಡಿನಲ್ಲಿ ಮುಗಿಯುತ್ತಿತ್ತು.

ವೇಳಾಪಟ್ಟಿಯನ್ನು ಹಿಂದಿನ ರಾತ್ರಿಯೇ ಓದಿ. ಬರೀ ಸಮಯ ನೋಡಿದರೆ ಸಾಲದು. ಮೇಲೆ ಸಣ್ಣ ಅಕ್ಷರದಲ್ಲಿ ಶಾಲೆ ಇರುವ ದಿನ ಮಾತ್ರ, ಶಾಲೆ ಇಲ್ಲದ ದಿನ ಮಾತ್ರ ಅಂತ ಗುರುತು ಹಾಕಿರುತ್ತಾರೆ. ಶನಿವಾರದ್ದೇ ಬೇರೆ, ಭಾನುವಾರದ್ದೇ ಬೇರೆ. ಭಾನುವಾರ ಓಡುವ ಬಸ್ಸುಗಳಲ್ಲಿ ಕೆಲವು ಬೇಸಿಗೆಯ ತಿಂಗಳುಗಳಿಗೆ ಮಾತ್ರ. ವಾಪಸ್ ಬಸ್ ಎಷ್ಟೊತ್ತಿಗೆ ಅಂತ ಹೋಗುವಾಗಲೇ ಡ್ರೈವರ್ ಹತ್ತಿರ ಕೇಳಿಕೊಳ್ಳಿ. ಟ್ಯಾಕ್ಸಿ ನಂಬರ್ ಒಂದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್ನು ಊರು. ಲೀಡ್ಸ್‌ನಿಂದ ಸ್ಕಿಪ್ಟನ್‌ಗೆ ರೈಲಿನಲ್ಲಿ ಸುಮಾರು ಮುಕ್ಕಾಲು ಗಂಟೆ. ಅರವತ್ತು ದಾಟಿದ ಯಾರಾದರೂ ಅಲ್ಲಿ ಸೀನಿಯರ್ ರೈಲ್‌ಕಾರ್ಡ್ ಮಾಡಿಸಬಹುದು, ಆ ದೇಶದವರೇ ಆಗಬೇಕಿಲ್ಲ. ಪಾಸ್‌ಪೋರ್ಟ್ ತೋರಿಸಿದರೆ ಆಯಿತು. ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಉಳಿಯುತ್ತದೆ. ತಿಂಗಳುಗಟ್ಟಲೆ ಇರುವ ಅಪ್ಪ ಅಮ್ಮಂದಿರಿಗೆ ಇದು ಖಂಡಿತ ಬೇಕು.

ನಾವು ಇಳಿದದ್ದು ಗುರುವಾರ. ಅದೇ ತಪ್ಪಾಯಿತು. ಸ್ಕಿಪ್ಟನ್ ಅಂದರೆ ಸಂತೆ. 1204ರಲ್ಲಿ ಜಾನ್ ದೊರೆ ಅನುಮತಿ ಕೊಟ್ಟ ಕಾಲದಿಂದ ಸಂತೆಯ ಊರು. ಹೆಸರೇ ಕುರಿಗಳ ಊರು ಅಂತ. ಸಂತೆ ಕೂಡುವುದು ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ. ಮುಖ್ಯ ಬೀದಿಯ ಎರಡೂ ಬದಿಗೆ ಕಲ್ಲು ಹಾಸಿದ ಅಗಲ ಜಾಗ ಇದೆ. ಸಂತೆಯ ದಿನ ಅಲ್ಲಿ ಸಾಲಾಗಿ ಅಂಗಡಿ, ಉಳಿದ ದಿನ ಸಾಲಾಗಿ ಕಾರು. ನಾವು ಕಾರು ನೋಡಿದೆವು. ನೀವು ಸಂತೆಯ ದಿನ ನೋಡಿಕೊಂಡು ಹೋಗಿ, ಅದರಲ್ಲೂ ಶನಿವಾರ ಬೇಡ. ಶನಿವಾರ ಹನ್ನೊಂದರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ರೂಮಿನಲ್ಲಿ ನಮಗೆ ಮೋಸವೇ ಆಯಿತು ಅನ್ನಬೇಕು. ಮುಖ್ಯ ಬೀದಿಯಲ್ಲಿ, ಪಬ್ ಮೇಲಿನ ಮೂರು ಹಾಸಿಗೆಯ ರೂಮು. ರಾತ್ರಿಗೆ 138 ಪೌಂಡ್. ಕೋಟೆ ಕಾಣುತ್ತದೆ ಅಂತ ಹಾಕಿದ್ದರು. ಕಿಟಕಿ ತೆಗೆದು ಅರ್ಧ ಮೈ ಹೊರಗೆ ಹಾಕಿದರೆ ಒಂದು ಗೋಪುರದ ಮೂಲೆ ಕಾಣುತ್ತದೆ. ಲಿಫ್ಟ್ ಇಲ್ಲ. ಇಲ್ಲ ಅಂತ ಎಲ್ಲೂ ಹೇಳಿರಲಿಲ್ಲ. 46 ಮೆಟ್ಟಿಲು, ಕೊನೆಯ ಹನ್ನೆರಡು ಏಣಿಯಷ್ಟು ಕಡಿದು. ಅಪ್ಪ ಪ್ರತಿ ಸಲ ಎರಡು ಕಡೆ ನಿಂತು ಹತ್ತಿದರು. ಕೆಳಗಿನ ರೂಮು ಕೇಳಿದರೆ, ನೀವು ಬುಕ್ ಮಾಡಿದ್ದೇ ಇದು ಅಂದರು. ಮೂರನೇ ಹಾಸಿಗೆ ಅಂದರೆ ಮಡಚುವ ಸೋಫಾ. ರಾತ್ರಿ ಹನ್ನೊಂದೂವರೆವರೆಗೆ ಕೆಳಗೆ ಪಬ್ಬಿನ ಗದ್ದಲ. ಶುಕ್ರವಾರ ಬೆಳಗ್ಗೆ ಆರಕ್ಕೇ ಸಂತೆಯವರು ಕಬ್ಬಿಣದ ಕಂಬಗಳನ್ನು ಕಲ್ಲಿನ ಮೇಲೆ ಇಳಿಸುವ ಸದ್ದು. ಅವರದೇನೂ ತಪ್ಪಿಲ್ಲ, ಅದು ಅವರ ಕೆಲಸ. ಆದರೆ ಆ ಬೀದಿಯಲ್ಲಿ ರೂಮು ಮಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬುಕ್ ಮಾಡುವ ಮೊದಲು ಫೋನ್ ಮಾಡಿ ಮೂರು ಮಾತು ಕೇಳಿ: ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಕೆಳಗೆ ಪಬ್ ಇದೆಯಾ. ಸ್ಟೇಷನ್ ಕಡೆಯ ಅಡ್ಡರಸ್ತೆಗಳಲ್ಲಿ ಮನೆಯಂಥ ಗೆಸ್ಟ್‌ಹೌಸ್‌ಗಳಿವೆ. ಇನ್ನೊಮ್ಮೆ ಹೋದರೆ ನಾನು ಅಲ್ಲೇ ಉಳಿಯುವುದು.

ಈಗ ಹೇಳುವುದು ಸಸ್ಯಾಹಾರಿಗಳಿಗೆ. ದಯವಿಟ್ಟು ಗಮನ ಕೊಟ್ಟು ಓದಿ. ಗುರುವಾರ ಸಂಜೆ ಹಸಿವಾಗಿ, ಮೀನು ಮತ್ತು ಚಿಪ್ಸ್ ಕರಿದು ಮಾರುವ ಒಂದು ಅಂಗಡಿಗೆ ಹೋದೆವು. ಚಿಪ್ಸ್ ಅಂದರೆ ಅಲ್ಲಿ ಉದ್ದುದ್ದ ಹೆಚ್ಚಿ ಬಿಸಿಬಿಸಿ ಕರಿದ ಆಲೂಗಡ್ಡೆ. ಆಲೂಗಡ್ಡೆ ತಾನೇ, ಇನ್ನೇನಿರುತ್ತದೆ ಅಂತ ಒಂದು ದೊಡ್ಡ ಪೊಟ್ಟಣ ತಗೊಂಡೆ. ಅಮ್ಮ ನಾಲ್ಕೈದು ತಿಂದಿದ್ದಳು. ಆಗ ಗಲ್ಲಾ ಪಕ್ಕದ ಸಣ್ಣ ಬೋರ್ಡು ನನ್ನ ಕಣ್ಣಿಗೆ ಬಿತ್ತು. ಕರಿಯುವುದು ಬೀಫ್ ಡ್ರಿಪ್ಪಿಂಗ್‌ನಲ್ಲಿ, ಅಂದರೆ ದನದ ಕೊಬ್ಬಿನಲ್ಲಿ. ಯಾರ್ಕ್‌ಷೈರ್‌ನಲ್ಲಿ ಇದು ಹಳೆಯ ಪದ್ಧತಿ. ರುಚಿ ಅದರಲ್ಲೇ ಅಂತ ಎಷ್ಟೋ ಅಂಗಡಿಯವರು ಇವತ್ತಿಗೂ ಹಾಗೇ ಕರಿಯುತ್ತಾರೆ. ಅವರು ಏನನ್ನೂ ಮುಚ್ಚಿಟ್ಟಿರಲಿಲ್ಲ. ಕೇಳದೆ ಕೊಟ್ಟವನು ನಾನು. ಅಮ್ಮನಿಗೆ ಹೇಳದೆ ಇರಬಹುದಿತ್ತು, ಆದರೆ ಮನಸ್ಸು ಒಪ್ಪಲಿಲ್ಲ. ಅವಳು ಬೈಯಲಿಲ್ಲ. ಬಾಯಿ ಮುಕ್ಕಳಿಸಿ ಬಂದು ಸುಮ್ಮನೆ ಕೂತಳು. ಆ ರಾತ್ರಿ ನೀರು ಬಿಟ್ಟು ಏನೂ ತಗೊಳ್ಳಲಿಲ್ಲ. ಎಣ್ಣೆ ಯಾವುದು ಅಂತ ಒಂದು ಮಾತು ಕೇಳಿಬಿಡಿ. ಅಡುಗೆ ಎಣ್ಣೆಯಲ್ಲಿ ಕರಿಯುವ ಅಂಗಡಿಗಳೂ ಇವೆ. ಆದರೆ ಅಲ್ಲೂ ಮೀನು ಕರಿದ ಬಾಣಲೆಯೇನಾ ಅಂತ ಕೇಳಬೇಕು. ಚೀಸ್‌ನಲ್ಲೂ ಹಾಗೇ. ಕೆಲವನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಸಸ್ಯಾಹಾರಿ ಗುರುತು ಇರುವುದನ್ನೇ ಆರಿಸಿ.

ಮರುದಿನ ಬೆಳಗ್ಗೆ ಅಮ್ಮನಿಗೆ ಏನಾದರೂ ಬಿಸಿಯಾಗಿ ಸಿಗಲೇಬೇಕು ಅಂತ ಹುಡುಕುತ್ತಾ ಹೋದೆ. ಮುಖ್ಯ ಬೀದಿಯಿಂದ ಕಾಲುವೆ ಕಡೆಗೆ ಇಳಿಯುವ ಓಣಿಗಳಿವೆ. ಎರಡು ಜನ ಎದುರು ಬದುರಾದರೆ ಒಬ್ಬರು ಗೋಡೆಗೆ ಒರಗಬೇಕು, ಅಷ್ಟು ಇಕ್ಕಟ್ಟು. ಅಂಥ ಒಂದು ಓಣಿಯಲ್ಲಿ ಆರು ಮೇಜಿನ ಒಂದು ಕೆಫೆ. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಅದು. ಅಲ್ಲಿ ಜಾಕೆಟ್ ಪೊಟೇಟೊ ತಗೊಳ್ಳಿ. ಮುಷ್ಟಿಗಿಂತ ದೊಡ್ಡ ಆಲೂಗಡ್ಡೆಯನ್ನು ಸಿಪ್ಪೆ ಸಮೇತ ಒಂದು ಗಂಟೆಗೂ ಜಾಸ್ತಿ ಓವನ್‌ನಲ್ಲಿ ಬೇಯಿಸಿರುತ್ತಾರೆ. ಸಿಪ್ಪೆ ಹಪ್ಪಳದ ಹಾಗೆ ಗರಿಗರಿ. ಒಳಗೆ ಹತ್ತಿಯಂಥ ಬಿಳಿ ಹಿಟ್ಟು. ನಡುವೆ ಸೀಳಿ ಬೆಣ್ಣೆ ಹಾಕಿ, ಮೇಲೆ ಬೇಕ್ಡ್ ಬೀನ್ಸ್, ಅಂದರೆ ಟೊಮೆಟೊ ಸಾಸಿನಲ್ಲಿ ಬೇಯಿಸಿದ ಕಾಳು ಸುರಿಯುತ್ತಾರೆ. ಬೆಲೆ ಆರೂವರೆ ಪೌಂಡ್. ಒಂದರಲ್ಲಿ ಹೊಟ್ಟೆ ಸಂಜೆವರೆಗೆ ತಣ್ಣಗಿರುತ್ತದೆ. ಟೀ ಪಾಟ್‌ನಲ್ಲಿ ಕೊಡುತ್ತಾರೆ, ಬಿಸಿನೀರು ಮತ್ತೆ ಕೇಳಿದರೆ ದುಡ್ಡಿಲ್ಲ.

ಅಲ್ಲಿಯ ಹೆಂಗಸಿಗೆ ಹಿಂದಿನ ದಿನದ ವಿಷಯ ಹೇಳಿದೆ. ಅವರು ಒಳಗೆ ಹೋಗಿ ಬೀನ್ಸ್ ಡಬ್ಬಿ, ಬೆಣ್ಣೆ ಪೊಟ್ಟಣ ಎರಡನ್ನೂ ತಂದು ಅಮ್ಮನ ಮುಂದೆ ಇಟ್ಟರು, ಮೇಲೆ ಬರೆದದ್ದನ್ನು ನಾನೇ ಓದಿಕೊಳ್ಳಲಿ ಅಂತ. ಅಮ್ಮ ಬ್ಯಾಗಿನಿಂದ ಶೇಂಗಾ ಚಟ್ನಿಪುಡಿ ತೆಗೆದು ಬೆಣ್ಣೆಯ ಮೇಲೆ ಉದುರಿಸಿಕೊಂಡಳು. ಹೊರಗಿನ ತಿಂಡಿ ತಿನ್ನಬಾರದು ಅಂತ ಎಷ್ಟೋ ಕಡೆ ಬೋರ್ಡು ಇರುತ್ತದೆ. ಇವರು, ಅದೇನು, ನನಗೂ ಸ್ವಲ್ಪ ಕೊಡ್ತೀರಾ ಅಂದರು. ಉಳಿದ ಎಲ್ಲ ದಿನ ನಾವು ಊಟ ಮಾಡಿದ್ದು ಅಲ್ಲೇ. ಕೊನೆಯ ದಿನ ಚಟ್ನಿಪುಡಿ ಪೊಟ್ಟಣವನ್ನೇ ಅಮ್ಮ ಅವರಿಗೆ ಕೊಟ್ಟು ಬಂದಳು.

ಮ್ಯಾಲಂ ಹಳ್ಳಿಗೆ ಹೋಗದೆ ಬರಬೇಡಿ. ಬಸ್ ತಪ್ಪಿದ್ದು ಅಲ್ಲಿಂದ ಪಕ್ಕದ ಕರ್ಬಿ ಮ್ಯಾಲಂ ಮೂಲಕ ವಾಪಸ್ ಬರುವಾಗಲೇ, ಆದರೂ ಹೇಳುತ್ತೇನೆ. ಆ ಹಳ್ಳಿಯಿಂದ ಮ್ಯಾಲಂ ಕೋವ್ ಅನ್ನುವ ಬಂಡೆಯ ಬುಡದವರೆಗೆ ದಾರಿ ಸಮವಾಗಿದೆ, ವಯಸ್ಸಾದವರೂ ನಡೆಯಬಹುದು. ಸುಮಾರು 80 ಮೀಟರ್ ಎತ್ತರದ ಸುಣ್ಣಕಲ್ಲಿನ ಬಂಡೆ, ಬಿಲ್ಲಿನ ಹಾಗೆ ಬಾಗಿ ನಿಂತಿದೆ. ನೀರು ಅದರ ಬುಡದಿಂದ ಹೊರಬರುತ್ತದೆ. 2015ರ ಡಿಸೆಂಬರ್ ಬಿರುಗಾಳಿ ಮಳೆಯಲ್ಲಿ ಮಾತ್ರ ಈಗಿನವರು ಯಾರೂ ಕಂಡಿರದ ಹಾಗೆ ಮೇಲಿನಿಂದಲೂ ನೀರು ಧುಮುಕಿತ್ತು. ಪಕ್ಕದಲ್ಲಿ ನಾನೂರರಷ್ಟು ಮೆಟ್ಟಿಲು. ಅಪ್ಪ ಅಮ್ಮನನ್ನು ಹಳ್ಳದ ಪಕ್ಕ ಕೂರಿಸಿ ನಾನೊಬ್ಬನೇ ಹತ್ತಿದೆ. ಮೇಲೆ ಸುಣ್ಣಕಲ್ಲಿನ ಹಾಸು, ನಡುನಡುವೆ ಮೊಣಕಾಲಾಳದ ಬಿರುಕುಗಳು, ಬಿರುಕಿನೊಳಗೆ ನೆರಳಲ್ಲಿ ಬೆಳೆದ ಜರಿಗಿಡಗಳು. ಕಲ್ಲು ಜನ ನಡೆದು ನಡೆದು ನುಣುಪಾಗಿದೆ. ಮಳೆ ಬಂದಿದ್ದರೆ ಹತ್ತಬೇಡಿ, ಕಾಲು ಸಿಕ್ಕಿಕೊಂಡರೆ ಮುರಿಯುತ್ತದೆ.

ಅಪ್ಪ ಪಿಡಬ್ಲ್ಯುಡಿಯಲ್ಲಿ ಇದ್ದವರು. ಅವರಿಗೆ ಬಂಡೆಗಿಂತ ಹೊಲದ ಗೋಡೆಗಳೇ ಇಷ್ಟವಾದವು. ಗುಡ್ಡದ ಮೇಲೆಲ್ಲ ಹರಿದುಹೋಗುವ ಕಲ್ಲಿನ ಗೋಡೆಗಳು, ಒಂದು ಚೂರೂ ಗಾರೆ ಇಲ್ಲ. ಬಿದ್ದುಹೋದ ಒಂದು ಕಡೆ ಬಗ್ಗಿ ನೋಡಿ ತೋರಿಸಿದರು. ಎರಡು ಗೋಡೆ ಒಂದಕ್ಕೊಂದು ವಾಲಿಕೊಂಡಿವೆ, ನಡುವೆ ಚೂರುಗಲ್ಲು ತುಂಬಿದ್ದಾರೆ, ಅಲ್ಲಲ್ಲಿ ಈ ಮುಖದಿಂದ ಆ ಮುಖಕ್ಕೆ ಮುಟ್ಟುವ ಉದ್ದ ಕಲ್ಲು. "ಈ ಉದ್ದ ಕಲ್ಲು ಇಲ್ಲದಿದ್ದರೆ ಒಂದೇ ಮಳೆಗೆ ಹೊಟ್ಟೆ ಬಿಡುತ್ತಿತ್ತು ನೋಡು" ಅಂದರು.

ದಾರಿ ರೈತರ ಹೊಲದೊಳಗೇ ಹಾದುಹೋಗುತ್ತದೆ. ಪಬ್ಲಿಕ್ ಫುಟ್‌ಪಾತ್ ಅಂತ ಕೈಕಂಬ ಇದ್ದರೆ ಹೆದರಬೇಡಿ, ಅಲ್ಲಿ ನಡೆಯುವ ಹಕ್ಕು ಎಲ್ಲರಿಗೂ ಇದೆ. ಗೇಟು ತೆಗೆದರೆ ಮರೆಯದೆ ಹಾಕಿ. ಕರು ಇರುವ ಹಸುಗಳಿಂದ ದೂರ ಇರಿ. ಕೆಲವು ಕಡೆ ಗೇಟಿನ ಬದಲು ಗೋಡೆಯಲ್ಲಿ ಸೀಳು ಬಿಟ್ಟಿರುತ್ತಾರೆ, ಕುರಿ ದಾಟದ ಹಾಗೆ, ಮನುಷ್ಯ ಓರೆಯಾಗಿ ನುಸುಳುವ ಹಾಗೆ. ಸೀರೆ ಉಟ್ಟು ಅದನ್ನು ದಾಟುವುದು ಕಷ್ಟ. ಅಮ್ಮನಿಗೆ ಎರಡು ಸಲ ಸೆರಗು ಸಿಕ್ಕಿತು. ಚೂಡಿದಾರ್ ಹಾಕಿಸಿ. ಸಿಗ್ನಲ್ ನಂಬಬೇಡಿ, ಅಲ್ಲಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಓಎಲ್2 ನಕ್ಷೆ ತಗೊಳ್ಳಿ.

ಸ್ಕಿಪ್ಟನ್‌ನಲ್ಲಿ ಕೋಟೆ ನೋಡಿ. ಒಳಗಿನ ಅಂಗಳದಲ್ಲಿ, ಆಗ ಕೋಟೆಯ ಒಡತಿಯಾಗಿದ್ದ ಲೇಡಿ ಆ್ಯನ್ ಕ್ಲಿಫರ್ಡ್ 1659ರಲ್ಲಿ ನೆಡಿಸಿದ ಯೂ ಅನ್ನುವ ಮರ ಇದೆ, ಅದರ ಕೆಳಗೆ ಕೂರಲು ಸಿಗುತ್ತದೆ. ಕೋಟೆಯ ಹಿಂದಿನ ಕಾಡಿಗೆ ಟಿಕೆಟ್ ಇಲ್ಲ, ಜನವೂ ಕಮ್ಮಿ. ಕಾಲುವೆ ದಡದಲ್ಲಿ ಚೆಂಡೆಸೆಯುವ ಭಂಗಿಯ ಒಂದು ಕಂಚಿನ ಪ್ರತಿಮೆ ಇದೆ. ನಾನು ದಾಟಿ ಮುಂದೆ ಹೋಗಿದ್ದೆ. ಅಪ್ಪ ನಿಂತೇ ಬಿಟ್ಟರು. ಇಂಗ್ಲೆಂಡಿನ ವೇಗದ ಬೌಲರ್ ಫ್ರೆಡ್ ಟ್ರೂಮನ್. 1952ರ ಜೂನ್‌ನಲ್ಲಿ, ತನ್ನ ಮೊದಲ ಟೆಸ್ಟಿನಲ್ಲಿ, ಇಲ್ಲೇ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ ಭಾರತಕ್ಕೆ ಬೌಲ್ ಮಾಡಿದವನು. ಎರಡನೇ ಇನಿಂಗ್ಸ್‌ನಲ್ಲಿ ನಮ್ಮವರು ಸೊನ್ನೆ ರನ್ನಿಗೆ ನಾಲ್ಕು ವಿಕೆಟ್, ಅದರಲ್ಲಿ ಮೂರು ಇವನದ್ದು. ನಮ್ಮ ತಾತ ಆ ಸೋಲನ್ನು ಜೀವನಪೂರ್ತಿ ಹೇಳುತ್ತಿದ್ದರಂತೆ. ಅಪ್ಪ ಪ್ರತಿಮೆಯ ಜೊತೆ ಫೋಟೊ ತೆಗೆಸಿಕೊಂಡು ಅವತ್ತೇ ಚಿಕ್ಕಪ್ಪನಿಗೆ ಕಳಿಸಿದರು.

ಶನಿವಾರವೇ ಸಂತೆಗೆ ಹೋಗಬೇಕಾದರೆ ನಾಲ್ಕರ ಹೊತ್ತಿಗೆ ಹೋಗಿ, ಆಗ ಸಂತೆಯವರು ಅಂಗಡಿ ಬಿಚ್ಚಿ ಎತ್ತಿಡುತ್ತಿರುತ್ತಾರೆ. ನಾವು ಹೋದದ್ದು ಆಗಲೇ. ಜನ ಇಳಿದಿರುತ್ತಾರೆ, ತರಕಾರಿ ಬೆಲೆಯೂ ಇಳಿದಿರುತ್ತದೆ. ಜೂನ್‌ನಲ್ಲಿ ಬ್ರಾಡ್ ಬೀನ್ಸ್ ಬರುತ್ತದೆ. ಅಮ್ಮ ಒಂದು ಕಾಯಿ ಬಿಡಿಸಿ, ಒಳಗಿನ ಬಿಳಿ ಹತ್ತಿಯಂಥ ಮೆತ್ತೆಯಿಂದ ಕಾಳು ತೆಗೆದು ಮೂಸಿ, ಇದು ನಮ್ಮ ಅವರೆಕಾಳಿನ ಸಂಬಂಧಿಕನೇ ಅಂದಳು. ಎರಡು ಪೌಂಡಿಗೆ ಒಂದು ಚೀಲ ಪೂರ್ತಿ ಕೊಟ್ಟರು. ಲೀಡ್ಸ್‌ಗೆ ಹೋಗಿ ಹಿತಕಿ ಸಾರು ಮಾಡಿದಳು. ದಪ್ಪ ಕಾಳಾದರೆ ಮೇಲಿನ ಸಿಪ್ಪೆ ಕಹಿ, ಬಿಸಿನೀರಿಗೆ ಹಾಕಿ ಹಿತಕಲೇಬೇಕು. ಎಳೆಯ ಕಾಳು ಹಾಗೇ ಹಾಕಿದರೂ ಆಗುತ್ತದೆ.