ಕೆಲ್ಸೋ ದಿಬ್ಬದ ಓರೆ ಗೆರೆಗಳು

14 ಏಪ್ರಿಲ್ 2024, ಭಾನುವಾರ
ಬಾರ್‌ಸ್ಟೋ, ಕ್ಯಾಲಿಫೋರ್ನಿಯಾ

ಬೆಳಿಗ್ಗೆ ಮೊಹಾವಿ ಮರುಭೂಮಿಯ ಕೆಲ್ಸೋ ಮರಳು ದಿಬ್ಬಗಳಿಗೆ ಹೋಗಿದ್ದೆವು. ಬಿಸಿಲೇರುವ ಮುಂಚೆ, ಗಾಳಿ ಏಳುವ ಮುಂಚೆ ಹೋದರೆ ರಾತ್ರಿ ಓಡಾಡಿದ ಪ್ರಾಣಿಗಳ ಗುರುತು ಅಳಿಸಿರುವುದಿಲ್ಲ. ಇಲಿಯದ್ದು, ಜೀರುಂಡೆಯದ್ದು, ಓತಿಯದ್ದು. ನಡುವೆ ನಾನು ಹುಡುಕುತ್ತಿದ್ದ ಸೈಡ್‌ವೈಂಡರ್ ರ್ಯಾಟಲ್‌ಸ್ನೇಕ್‌ನ (ಮರಳಲ್ಲಿ ಅಡ್ಡಡ್ಡ ಸಾಗುವ, ಬಾಲದಲ್ಲಿ ಗಿಲಕಿಯಿರುವ ವಿಷದ ಹಾವು) ಗೆರೆಗಳೂ ಸಿಕ್ಕವು.

ಉಳಿದ ಹಾವುಗಳ ಹಾಗೆ ಒಂದೇ ಉದ್ದ ಜಾಡಲ್ಲ. ಒಂದಕ್ಕೊಂದು ತಾಗದ ಓರೆ ಗೆರೆಗಳು, ಸಾಲಾಗಿ. ಪ್ರತಿ ಗೆರೆಯ ಒಂದು ತುದಿ ಊರುಗೋಲಿನ ಹಿಡಿಯಂತೆ ಬಾಗಿದೆ. ಆ ಬಾಗು ಯಾವ ಕಡೆಗಿದೆಯೋ ಹಾವು ಆ ಕಡೆ ಹೋಗಿದೆ ಅಂತ ಲೆಕ್ಕ. ಕೂತು ನೋಡಿದರೆ ಗೆರೆಯೊಳಗೆ ಹೊಟ್ಟೆಯ ಅಡ್ಡ ಹುರುಪೆಗಳ ಅಚ್ಚೂ ಕಾಣುತ್ತಿತ್ತು.

"ಹಾವೆಲ್ಲಿ?" ಅಂದರು ನಮ್ಮವರು.

"ಇಲ್ಲೇ ಎಲ್ಲೋ ಹೂತುಕೊಂಡಿರತ್ತೆ ರೀ, ನೋಡ್ಕೊಂಡು ಕಾಲಿಡಿ" ಅಂದೆ. ಆಮೇಲೆ ಅವರು ನನ್ನ ಹಿಂದೆಯೇ ನಡೆದರು!

ಸುಮ್ನೆ ಹೆದರಿಸಿದ್ದಲ್ಲ. ಈ ಹಾವು ಸುರುಳಿ ಸುತ್ತಿ, ಮೈ ಅಲ್ಲಾಡಿಸಿ ಮರಳನ್ನು ಪಕ್ಕಕ್ಕೆ ತಳ್ಳಿ, ಬೆನ್ನು ನೆಲಮಟ್ಟಕ್ಕೆ ಬರುವ ತನಕ ಕೆಳಗಿಳಿದು ಕೂರುತ್ತದೆ. ಬಣ್ಣವೂ ಮರಳಿನದೇ. ಕಾಂಗರೂ ಇಲಿಯೋ ಓತಿಯೋ ಹತ್ತಿರ ಬರುವವರೆಗೆ ಕದಲುವುದಿಲ್ಲ. ಬೇಸಿಗೆ ಜೋರಾದರೆ ಹಗಲೆಲ್ಲ ಬಿಲದಲ್ಲಿ, ಬೇಟೆ ರಾತ್ರಿಯಲ್ಲಿ. ಬಿಲ ಮಾತ್ರ ಇಲಿಯದ್ದೋ ಆಮೆಯದ್ದೋ, ಸ್ವಂತದ್ದಲ್ಲ.

ಇದಕ್ಕೆ ಕ್ರೋಟಾಲಸ್ ಸೆರಾಸ್ಟಿಸ್ ಅಂತ ವೈಜ್ಞಾನಿಕ ಹೆಸರಿಟ್ಟಿದ್ದು ಫಿಲಡೆಲ್ಫಿಯಾದ ವೈದ್ಯ ಎಡ್ವರ್ಡ್ ಹ್ಯಾಲೋವೆಲ್, 1854ರಲ್ಲಿ. ಕಣ್ಣಿನ ಮೇಲೆ ಕೊಂಬಿನಂಥ ಹುರುಪೆ ಇದೆಯಲ್ಲ, ಸೆರಾಸ್ಟಿಸ್ ಅನ್ನುವ ಹೆಸರು ಅದರಿಂದಲೇ. ಸಹಾರಾದ ಕೊಂಬಿನ ಮಂಡಲಕ್ಕೂ ಇದೇ ಬಗೆಯ ಕೊಂಬು, ಇದೇ ಬಗೆಯ ನಡಿಗೆ. ಆದರೆ ಎರಡೂ ಹತ್ತಿರದ ನೆಂಟರಲ್ಲ. ಸೈಡ್‌ವೈಂಡರ್‌ಗೆ ಕಣ್ಣು ಮತ್ತು ಮೂಗಿನ ನಡುವೆ ಶಾಖ ಗ್ರಹಿಸುವ ಗುಳಿ ಇದೆ, ಸಹಾರಾದ್ದಕ್ಕೆ ಇಲ್ಲ. ಆ ಲೆಕ್ಕದಲ್ಲಿ ನಮ್ಮ ಮಲೆನಾಡಿನ ಗುಳಿಮಂಡಲವೇ ಇದಕ್ಕೆ ಹತ್ತಿರ. ನಡಿಗೆ ನೋಡಿದರೆ ನಮ್ಮ ಬಯಲುಸೀಮೆಯ ಗರಗಸ ಮಂಡಲವೂ ಹೀಗೆ ಅಡ್ಡಡ್ಡ ಹೋಗುತ್ತದೆ, ಅದಕ್ಕೂ ಗುಳಿಯಿಲ್ಲ.

ಒಂದೇ ಪ್ರಭೇದದಲ್ಲಿ ಮೂರು ಉಪಪ್ರಭೇದ ಮಾಡಿದ್ದಾರೆ. ಮೊಹಾವಿಯದ್ದು, ಕೊಲರಾಡೊ ಮರುಭೂಮಿಯದ್ದು, ಸೊನೋರಾದ್ದು. ಕೊಲರಾಡೊದ್ದನ್ನು 1944ರಲ್ಲಿ ಬೇರೆ ಮಾಡಿದ್ದು ಲಾರೆನ್ಸ್ ಕ್ಲಾಬರ್, ವೃತ್ತಿಯಲ್ಲಿ ಸ್ಯಾನ್ ಡಿಯಾಗೊದ ಎಲೆಕ್ಟ್ರಿಕಲ್ ಎಂಜಿನಿಯರ್. ಗುರುತು ಹಿಡಿಯುವುದು ಹೇಗೆ ಗೊತ್ತಾ? ಬಾಲದ ಗಿಲಕಿಯ ಬುಡ ಕಂದಾದರೆ ಮೊಹಾವಿ, ಕಪ್ಪಾದರೆ ಉಳಿದೆರಡರಲ್ಲಿ ಒಂದು. ಆಮೇಲೆ ನಡುಮೈಯ ಹುರುಪೆ ಸಾಲು ಎಣಿಸಬೇಕು. ಸಾಮಾನ್ಯವಾಗಿ 23 ಇದ್ದರೆ ಕೊಲರಾಡೊ, 21 ಇದ್ದರೆ ಸೊನೋರಾ. ವಿಷದ ಹಾವಿನ ಸೊಂಟ ಹಿಡಿದು ಎಣಿಸುವ ಎಂಜಿನಿಯರ್ ಮೇಲೆ ನನಗೆ ಗೌರವ ಇದೆ. ಆದರೂ ಇಷ್ಟು ಸಣ್ಣ ವ್ಯತ್ಯಾಸಕ್ಕೆ ಮೂರು ಹೆಸರು ಬೇಕಿತ್ತಾ ಅಂತಲೂ ಅನ್ನಿಸುತ್ತದೆ.

ಗಿಲಕಿಯ ಉಂಗುರ ಎಣಿಸಿ ವಯಸ್ಸು ಹೇಳುತ್ತೇವೆ ಅನ್ನುವವರನ್ನು ಮಾತ್ರ ನಂಬಬೇಡಿ. ಪೊರೆ ಬಿಟ್ಟಾಗಲೆಲ್ಲ ಒಂದು ಉಂಗುರ ಸೇರುತ್ತದೆ, ಪೊರೆ ಬಿಡುವುದು ವರ್ಷಕ್ಕೊಂದೇ ಸಲ ಅಲ್ಲ. ಹಳೆಯವು ಮುರಿದೂ ಬೀಳುತ್ತವೆ.

ನಡಿಗೆಯ ವಿಷಯಕ್ಕೆ ಬಂದರೆ, ಮರಳಿನ ಏರು ಹತ್ತುವಾಗ ಇದು ಯಾಕೆ ಜಾರುವುದಿಲ್ಲ ಅಂತ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದವರು ಅಟ್ಲಾಂಟಾ ಮೃಗಾಲಯದಲ್ಲಿ ಮರಳು ಸುರಿದು ನೋಡಿದರು. ಏರು ಕಡಿದಾದಷ್ಟೂ ಹಾವು ಮೈಯ ಹೆಚ್ಚು ಉದ್ದವನ್ನು ಮರಳಿಗೆ ತಾಗಿಸುತ್ತದೆ, ಅಷ್ಟೇ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಾವಿನಾಕಾರದ ರೋಬೋಟ್‌ಗೂ ಅದನ್ನೇ ಕಲಿಸಿದಾಗ ಜಾರುತ್ತಿದ್ದ ರೋಬೋಟ್ ಏರು ಹತ್ತಿತು. 2014ರಲ್ಲಿ ಇದು ಪ್ರಕಟವಾಯಿತು.

ನನಗೆ ಅದಕ್ಕಿಂತ ಇಷ್ಟವಾಗಿದ್ದು ಮರಿಗಳ ಸಂಗತಿ. ಸೈಡ್‌ವೈಂಡರ್ ಮೊಟ್ಟೆಯಿಡದೆ ಮರಿ ಹಾಕುತ್ತದೆ. ಹುಟ್ಟಿದ ಮರಿಗಳು ಕೆಲವು ದಿನ ಬಿಲದ ಬಾಯಲ್ಲಿ ಒಟ್ಟಿಗೆ ಗುಂಪುಗಟ್ಟಿ, ಜಾಗ ಬದಲಿಸುತ್ತಾ, ಮೈಯ ಬಿಸಿ ಸುಮಾರು 32 ಡಿಗ್ರಿ ಸೆಲ್ಸಿಯಸ್‌ನಲ್ಲೇ ಉಳಿಯುವಂತೆ ನೋಡಿಕೊಳ್ಳುತ್ತವೆ. ಮೊದಲ ಪೊರೆ ಬಿಟ್ಟ ಮೇಲೆ ಚದುರುತ್ತವೆ. ಆಮೇಲೆ ಬಾಲದ ತುದಿಯನ್ನು ಹುಳದಂತೆ ಕುಣಿಸಿ ಓತಿಗಳನ್ನು ಹತ್ತಿರಕ್ಕೆ ಕರೆಯುತ್ತವೆ. ಹೇಳಿಕೊಡುವವರು ಯಾರೂ ಇಲ್ಲ!

ಹತ್ತು ಗಂಟೆಗೆಲ್ಲ ಗಾಳಿ ಎದ್ದಿತು, ವಾಪಸ್ ಹೊರಟೆವು. ಹಾವು ಕಾಣಲಿಲ್ಲ. ಮೇ ಕೊನೆಯಲ್ಲಿ ಟಾರ್ಚ್ ಹಿಡಿದು ರಾತ್ರಿ ಬರೋಣ ಅಂದೆ. ನಮ್ಮವರು ಇನ್ನೂ ಒಪ್ಪಿಲ್ಲ.